ಟ್ಯಾಂಕ್: ಕೆರೆಯಿಂದ ಹೊರಟ ಪದ, ಲಾರಿ ಹತ್ತಿ ವಾಪಸ್ ಬಂತು

2024ರ ಮಾರ್ಚ್ ತಿಂಗಳು. ಬೆಂಗಳೂರಿನ ನೀರಿನ ಸಮಸ್ಯೆ ಬಗ್ಗೆ ರಾತ್ರಿ ಚರ್ಚೆ ನಡೀತಿತ್ತು, ಫೋನ್ ಲೈನ್ ಓಪನ್ ಇತ್ತು. ಹಲಸೂರಿನಿಂದ ಒಬ್ಬ ಹಿರಿಯರು ಲೈನ್‌ಗೆ ಬಂದ್ರು. ಅವರು ಹೇಳಿದ್ದಿಷ್ಟೇ: "ನೋಡಪ್ಪಾ, ಟ್ಯಾಂಕರ್ ಬಂದು ಮೂರು ದಿನ ಆಯ್ತು. ಮನೆ ಮೇಲಿನ ಟ್ಯಾಂಕ್ ಖಾಲಿ. ತಮಾಷೆ ಏನು ಗೊತ್ತಾ? ನಾವಿರೋದು ಟ್ಯಾಂಕ್ ಪಕ್ಕದಲ್ಲೇ!"

ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಕಾರಲ್ಲಿ ಆ ಮಾತು ತಲೆಯಿಂದ ಇಳಿಯಲಿಲ್ಲ. ಒಂದೇ ಉಸಿರಲ್ಲಿ ಮೂರು ಟ್ಯಾಂಕ್. ಮೊದಲನೆಯದು ಲಾರಿ. ಎರಡನೆಯದು ಪ್ಲಾಸ್ಟಿಕ್ ಡ್ರಮ್ಮು. ಮೂರನೆಯದು ಹಲಸೂರು ಕೆರೆ. ಲಾರಿಗೂ ಡ್ರಮ್ಮಿಗೂ ಕೆರೆಗೂ ಒಂದೇ ಹೆಸರು ಹೇಗೆ ಬಂತು? ಸಾಲದ್ದಕ್ಕೆ ಗಡಿಯಲ್ಲಿ ನಿಂತು ಗುಂಡು ಹಾರಿಸೋ ಯುದ್ಧದ ಗಾಡಿಗೂ ಅದೇ ಹೆಸರು!

ಹುಡುಕಿಕೊಂಡು ಹೊರಟೆ. ಆ ದಾರಿ ಲಂಡನ್‌ಗೆ ಹೋಗಿ, ಫ್ರಾನ್ಸಿನ ರಣರಂಗ ಸುತ್ತಿ, ಸೀದಾ ನಮ್ಮ ದಂಡು ಪ್ರದೇಶಕ್ಕೇ ವಾಪಸ್ ಬಂದು ನಿಂತಿತು.

ಮೊದಲು ಹುಟ್ಟಿನ ಕಥೆ. ಟ್ಯಾಂಕ್ ಅನ್ನೋದು ಅಪ್ಪಟ ಇಂಗ್ಲಿಷ್ ಪದ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಅಲ್ಲ. 17ನೇ ಶತಮಾನದ ಶುರುವಿನಲ್ಲಿ ಇಂಡಿಯಾಕ್ಕೆ ಬಂದ ಇಂಗ್ಲಿಷರ ಬರಹಗಳಲ್ಲಿ ಈ ಪದ ಕಾಣಿಸಿಕೊಳ್ಳುತ್ತೆ. ಅರ್ಥ: ಇಂಡಿಯಾದ ಜನ ನೀರು ನಿಲ್ಲಿಸೋಕೆ ಕಟ್ಟಿಕೊಂಡ ಕೆರೆ, ಕೊಳ. ಗುಜರಾತಿನಲ್ಲಿ, ರಾಜಸ್ಥಾನದಲ್ಲಿ ನೆಲದೊಳಗಿನ ನೀರಿನ ತೊಟ್ಟಿಗೆ ಇವತ್ತಿಗೂ ಟಾಂಕಾ ಅಂತಾರೆ. ಮಹಾರಾಷ್ಟ್ರದ ಕೋಟೆಗಳಿಗೆ ಹೋದವರು ನೋಡಿರ್ತೀರಿ, ಬಂಡೆ ಕೊರೆದು ಮಾಡಿದ ನೀರಿನ ಗುಂಡಿಗಳು. ಅವುಗಳ ಹೆಸರು ಟಾಕೆ. ಸಂಸ್ಕೃತದ ತಟಾಕ, ತಡಾಗದ ತನಕ ಇದರ ಬೇರನ್ನ ಎಳೆಯುವವರಿದ್ದಾರೆ.

ಇನ್ನೊಂದು ವಾದವೂ ಇದೆ. ಪೋರ್ಚುಗೀಸರಲ್ಲಿ ಟಾಂಕೆ ಅನ್ನೋ ಪದ ಇತ್ತು, ಹರಿಯೋ ನೀರನ್ನ ತಡೆದು ನಿಲ್ಲಿಸೋದು ಅನ್ನೋ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು ಅಂತ. ಹಾಗಾದ್ರೆ ಯಾರು ಯಾರಿಂದ ತಗೊಂಡ್ರು? ಪಂಡಿತರು ಬಹಳ ಕಾಲದಿಂದ ಜಗಳ ಆಡ್ತಿದ್ದಾರೆ. ಎರಡು ಹಳ್ಳ ಬಂದು ಒಂದು ಕೆರೆಗೆ ಸೇರಿದ ಹಾಗೆ, ಎರಡು ಪದ ಸೇರಿ ಇಂಗ್ಲಿಷಿನಲ್ಲಿ ಒಂದಾಯ್ತು ಅನ್ನೋದು ನನಗೆ ಒಪ್ಪಿಗೆಯಾಗೋ ಮಾತು. ಒಂದಂತೂ ಖಚಿತ. ಈ ಪದ ಇಂಗ್ಲಿಷಿಗೆ ಸೇರಿದಾಗ ಅದರಲ್ಲಿ ನಮ್ಮ ನೆಲದ ನೀರಿತ್ತು.

ಈಗ ಬೆಂಗಳೂರಿಗೆ ಬನ್ನಿ. 1809. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ ಹಲಸೂರಿನ ಪಕ್ಕಕ್ಕೆ ಬಂತು, ದಂಡು ಶುರುವಾಯ್ತು. ಸಾವಿರಾರು ಸಿಪಾಯಿಗಳು, ಕುದುರೆಗಳು, ಜೊತೆಗೆ ಬಂದ ವ್ಯಾಪಾರಿಗಳು. ಇಷ್ಟೂ ಜನಕ್ಕೆ ನೀರು ಬೇಕಲ್ಲ? ಇಲ್ಲಿ ನದಿ ಇಲ್ಲ. ಇದ್ದಿದ್ದು ಕೆರೆಗಳು. ಹಲಸೂರು ಕೆರೆ, ಶೂಲೆ ಕೆರೆ ಥರದವು. ಅಂದ್ರೆ, ದಂಡು ಬದುಕಿದ್ದೇ ಟ್ಯಾಂಕ್ ನೀರಲ್ಲಿ. ಸರ್ಕಾರಿ ಕಡತ, ನಕ್ಷೆ ಎಲ್ಲದರಲ್ಲೂ ಅವರು ಬರೆದದ್ದು ಲೇಕ್ ಅಂತಲ್ಲ, ಟ್ಯಾಂಕ್ ಅಂತ. ಕಾರಣ ಸರಳ. ಲೇಕ್ ಅಂದ್ರೆ ದೇವರು ಮಾಡಿದ್ದು, ಟ್ಯಾಂಕ್ ಅಂದ್ರೆ ಮನುಷ್ಯ ಕಟ್ಟಿದ್ದು. ಆ ವಿಷಯದಲ್ಲಿ ಅವರು ನಮಗಿಂತ ಪ್ರಾಮಾಣಿಕರು. ಈಗ ನಾವು ಬೋರ್ಡ್ ಮೇಲೆ 'ಹಲಸೂರು ಲೇಕ್' ಅಂತ ಬರೆದು, ಕಟ್ಟಿದವರನ್ನೇ ಮರೆತಿದ್ದೀವಿ.

ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ ಒಂದು ಮಾತು ದಾಖಲಿಸಿದ್ದಾನೆ. ಅದರ ಸಾರಾಂಶ ಇಷ್ಟು: ಈ ಸೀಮೆಯಲ್ಲಿ ಜನ ಎಷ್ಟು ಕೆರೆ ಕಟ್ಟಿದ್ದಾರೆ ಅಂದ್ರೆ, ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದ್ರೆ ಭಾರೀ ಬುದ್ಧಿ ಖರ್ಚು ಮಾಡಬೇಕು. ಯೋಚನೆ ಮಾಡಿ. ಇದನ್ನ ಹೇಳಿದವನು ನಮ್ಮ ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನ ರೂಪಿಸಿದ ಇಂಜಿನಿಯರ್. 1882ರಲ್ಲಿ ಕಟ್ಟಿದ ಸ್ಯಾಂಕಿ ಟ್ಯಾಂಕ್ ಅವನ ಹೆಸರಲ್ಲೇ ಇದೆ.

ಅಠಾರಾ ಕಚೇರಿ ಕಟ್ಟಿ ಮುಗಿದದ್ದು 1868ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಮಗು ಹುಟ್ಟಿತು. ಅಪ್ಪ ಮದ್ರಾಸ್ ಸಿವಿಲ್ ಸರ್ವೀಸಿನ ನ್ಯಾಯಾಧೀಶ. ಮಗುವಿನ ಹೆಸರು ಅರ್ನೆಸ್ಟ್ ಸ್ವಿಂಟನ್. ಚಿಕ್ಕವನಿದ್ದಾಗಲೇ ಇಂಗ್ಲೆಂಡಿಗೆ ಹೋದ, ಸೈನ್ಯದಲ್ಲಿ ಇಂಜಿನಿಯರ್ ಆದ. ಈ ಹೆಸರನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

1914ರಲ್ಲಿ ಮೊದಲ ಮಹಾಯುದ್ಧ. ಫ್ರಾನ್ಸಿನಲ್ಲಿ ಎರಡೂ ಕಡೆಯವರು ಕಂದಕ ತೋಡಿ, ಮುಳ್ಳುತಂತಿ ಹಾಕಿ ಕೂತರು. ಮೆಷಿನ್ ಗನ್ ಎದುರು ತಲೆ ಎತ್ತಿದವನು ಸತ್ತ. ಕೆಸರಲ್ಲೂ ಹೋಗುವ, ಕಂದಕ ದಾಟುವ, ಗುಂಡು ತಾಕದ ಒಂದು ಉಕ್ಕಿನ ಗಾಡಿ ಬೇಕಿತ್ತು. ಈ ಯೋಚನೆಯನ್ನ ಮುಂದಿಟ್ಟವರಲ್ಲಿ ಸ್ವಿಂಟನ್ ಮುಖ್ಯ. ಇದಕ್ಕಾಗಿ 1915ರಲ್ಲಿ ಒಂದು ಸಮಿತಿ ಮಾಡಿದ್ದು ನೌಕಾ ಇಲಾಖೆ ನೋಡಿಕೊಳ್ತಿದ್ದ ವಿನ್‌ಸ್ಟನ್ ಚರ್ಚಿಲ್. ಹೌದು, ಅದೇ ಚರ್ಚಿಲ್. 1896ರಲ್ಲಿ ಕುದುರೆ ಸೈನ್ಯದ ಎಳೆ ಅಧಿಕಾರಿಯಾಗಿ ನಮ್ಮ ದಂಡಿಗೆ ಬಂದು, ಪೋಲೋ ಆಡಿ, ಈಗಿನ ಬೆಂಗಳೂರು ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದ ಚರ್ಚಿಲ್!

ಗಾಡಿಯೇನೋ ತಯಾರಾಗ್ತಿತ್ತು. ಆದರೆ ಗುಟ್ಟು ಬಯಲಾಗಬಾರದು. ಕಾರ್ಖಾನೆ ಕೆಲಸಗಾರರಿಗೆ ಏನು ಹೇಳೋದು? ದೊಡ್ಡ ಕಬ್ಬಿಣದ ಡಬ್ಬ ಥರ ಕಾಣುತ್ತೆ, ಮೆಸೊಪಟೇಮಿಯಾದ ಮರುಭೂಮಿಗೆ ನೀರು ಸಾಗಿಸೋ ಗಾಡಿ ಅಂದರೆ ಯಾರಾದ್ರೂ ನಂಬ್ತಾರೆ. ಆಗ ಮೆಸೊಪಟೇಮಿಯಾ, ಅಂದ್ರೆ ಈಗಿನ ಇರಾಕ್‌ನಲ್ಲಿ, ಬ್ರಿಟಿಷರ ಪರ ಹೋರಾಡ್ತಿದ್ದವರಲ್ಲಿ ಹೆಚ್ಚಿನವರು ಇಂಡಿಯಾದ ಸಿಪಾಯಿಗಳು. ಹಲಸೂರು ಕೆರೆ ದಡದ ಮದ್ರಾಸ್ ಸ್ಯಾಪರ್ಸ್ ಕೂಡ ಅಲ್ಲಿದ್ದರು.

1915ರ ಡಿಸೆಂಬರ್‌ನಲ್ಲಿ ಸ್ವಿಂಟನ್ ತನ್ನ ಸಹೋದ್ಯೋಗಿ ಜೊತೆ ಕೂತು ಹೆಸರು ಹುಡುಕಿದ. ಸಿಸ್ಟರ್ನ್, ರಿಸರ್ವಾಯರ್, ಕಂಟೇನರ್ ಎಲ್ಲ ಪಟ್ಟಿಯಲ್ಲಿದ್ವು. ಕೊನೆಗೆ ಗೆದ್ದದ್ದು ಚಿಕ್ಕ ಪದ: ಟ್ಯಾಂಕ್. 1916ರ ಸೆಪ್ಟೆಂಬರ್ 15ರಂದು ಸೊಮ್ ರಣರಂಗಕ್ಕೆ ಈ 28 ಟನ್ನಿನ ಪ್ರಾಣಿ ಇಳಿದಾಗ ಗುಟ್ಟು ಬಯಲಾಯ್ತು. ಹೆಸರು ಮಾತ್ರ ಉಳೀತು.

ಬೆಂಗಳೂರಲ್ಲಿ ಹುಟ್ಟಿದವನು, ಬೆಂಗಳೂರಲ್ಲಿ ಕುದುರೆ ಓಡಿಸಿದವನು, ಇಂಡಿಯಾದ ಕೆರೆಗಳಿಂದ ಹೋದ ಪದ. ಸ್ವಿಂಟನ್ ಹಲಸೂರು ಕೆರೆಯನ್ನ ನೆನೆದು ಹೆಸರಿಟ್ಟ ಅಂತ ನಾನು ಹೇಳ್ತಿಲ್ಲ. ಬ್ರೇಕಿಂಗ್ ನ್ಯೂಸ್ ಆಸೆಗೆ ಅಷ್ಟು ದೂರ ಹೋಗಬಾರದು. ಆದರೆ ಒಂದು ವಿಚಿತ್ರ ಗಮನಿಸಿ. ಯುದ್ಧದ ಟ್ಯಾಂಕ್ ಹುಟ್ಟಿದ್ದು 'ನೀರು ತರೋ ಗಾಡಿ' ಅನ್ನೋ ಸುಳ್ಳಿನಿಂದ. ನೂರು ವರ್ಷ ಕಳೆಯೋದ್ರೊಳಗೆ ಸ್ವಿಂಟನ್ ಹುಟ್ಟಿದ ಊರಿನಲ್ಲಿ ಆ ಸುಳ್ಳು ನಿಜವಾಯ್ತು. ನೀರು ತರೋ ಗಾಡಿ ಬೀದಿಬೀದಿಯಲ್ಲಿ ನಿಂತಿದೆ.

ಅಷ್ಟರಲ್ಲಿ ಪದ ಬೇರೆ ಬೇರೆ ಕಡೆ ಸಂಸಾರ ಹೂಡಿತ್ತು. 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಸೆಪ್ಟಿಕ್ ಟ್ಯಾಂಕ್ ಬಂತು. ಈಜುಕೊಳಕ್ಕೂ ಟ್ಯಾಂಕ್ ಅಂತಿದ್ರು. ಅಲ್ಲಿ ಹಾಕೋ ಬಟ್ಟೆಯಿಂದ ಈಗಿನ ಹುಡುಗ ಹುಡುಗಿಯರ ಟ್ಯಾಂಕ್ ಟಾಪ್ ಬಂತು. ತಲೆಯನ್ನ ತಮಾಷೆಗೆ ಥಿಂಕ್ ಟ್ಯಾಂಕ್ ಅಂದ್ರು. ಈಗ ನಮ್ಮ ಚರ್ಚೆಗೆ ಬಂದು ಕೂರೋ ತಜ್ಞರ ಸಂಸ್ಥೆಗಳಿಗೆಲ್ಲ ಅದೇ ಹೆಸರು. ಷೇರು ಬಿದ್ದರೂ ಟ್ಯಾಂಕ್, ಸಿನಿಮಾ ಮುಳುಗಿದರೂ ಟ್ಯಾಂಕ್.

ಹಾಗಾದ್ರೆ ಮೂಲ ಟ್ಯಾಂಕ್‌ಗಳ ಗತಿ ಏನು? ದಂಡಿನ ಸುತ್ತ ಒಂದು ರೌಂಡ್ ಹಾಕೋಣ. ಶೂಲೆ ಕೆರೆ ಇದ್ದ ಅಶೋಕನಗರದಲ್ಲಿ ಈಗ ಫುಟ್‌ಬಾಲ್ ಸ್ಟೇಡಿಯಂ. ಶೋಲೆ ಸಿನಿಮಾದಲ್ಲಿ ವೀರು ಹತ್ತಿದ ವಾಟರ್ ಟ್ಯಾಂಕ್ ಎಲ್ಲರಿಗೂ ನೆನಪಿದೆ, ಶೂಲೆ ಟ್ಯಾಂಕ್ ಯಾರಿಗೂ ನೆನಪಿಲ್ಲ! ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ. ಅಲ್ಲೇ ಪಕ್ಕದಲ್ಲಿ ಕರಗದ ಪೂಜೆಗೆ ಅಂತ ಒಂದು ತುಣುಕು ನೀರು ಉಳಿದಿದೆ. ಇಂದಿರಾನಗರದ ಪಕ್ಕದ ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಕೋರ್ಸ್. ವಸಂತನಗರದಲ್ಲಿ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆ ಇದೆ. ಬಂಡ್ ಅಂದ್ರೆ ಕೆರೆ ಏರಿ. ರಸ್ತೆ ಇದೆ, ಏರಿ ಅನ್ನೋ ಹೆಸರಿದೆ, ಟ್ಯಾಂಕ್ ಇಲ್ಲ. ಧರ್ಮಾಂಬುಧಿ ಕೆರೆಯಂತೂ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಆಯ್ತು.

ಮುಚ್ಚಿದವರು ಬ್ರಿಟಿಷರೇ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ. ಸ್ಟೇಡಿಯಂ, ಬಸ್ ನಿಲ್ದಾಣ, ಲೇಔಟ್ ಬಹುಪಾಲು ಮಾಡಿದ್ದು ಸ್ವಾತಂತ್ರ್ಯದ ನಂತರ, ನಮ್ಮವರೇ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಪೈಪಲ್ಲಿ ನೀರು ಬಂತು. ನೀರು ನಲ್ಲಿಯಲ್ಲಿ ಬರುತ್ತೆ ಅಂದ ಮೇಲೆ ಕೆರೆ ಖಾಲಿ ಸೈಟಿನ ಥರ ಕಾಣೋಕೆ ಶುರುವಾಯ್ತು.

ಇಲ್ಲಿ ನನ್ನದೊಂದು ಅನುಮಾನ ಇದೆ. ಈ ತಪ್ಪಿನಲ್ಲಿ ಪದದ ಪಾಲೂ ಇದೆಯಾ ಅಂತ. ನಾನು ಇಂಜಿನಿಯರಿಂಗ್ ಓದುವಾಗ ಟ್ಯಾಂಕ್ ಅಂದ್ರೆ ಕಾಗದದ ಮೇಲೊಂದು ಚೌಕ. ಒಂದು ಕಡೆ ನೀರು ಒಳಗೆ, ಇನ್ನೊಂದು ಕಡೆ ಹೊರಗೆ. ಸುತ್ತ ಏನಿದೆ ಅಂತ ಪ್ರಶ್ನೆಪತ್ರಿಕೆ ಯಾವತ್ತೂ ಕೇಳಲಿಲ್ಲ. ಕೆರೆ ಹಾಗಲ್ಲ. ಕೆರೆ ಅಂದ ತಕ್ಷಣ ಒಂದು ಕುಟುಂಬವೇ ಬರುತ್ತೆ. ನೀರು ತಡೆಯೋ ಏರಿ, ನೀರು ಬಿಡೋ ತೂಬು, ಹೆಚ್ಚಾದ ನೀರು ಹರಿದು ಹೋಗೋ ಕೋಡಿ, ನೀರುಂಡು ಬೆಳೆಯೋ ಅಚ್ಚುಕಟ್ಟು, ನೀರು ತರೋ ಕಾಲುವೆ. ಇಷ್ಟನ್ನೂ ಕಾಯೋಕೆ ಒಬ್ಬ ನೀರುಗಂಟಿ. ಯಾರ ಗದ್ದೆಗೆ ಯಾವಾಗ ಎಷ್ಟು ಅಂತ ತೂಬು ಎತ್ತೋನು ಅವನು. ಅಗರದಲ್ಲಿ ಸಿಕ್ಕ 9ನೇ ಶತಮಾನದ ಶಾಸನ ಕೆರೆಗೆ ತೂಬು ಇಡಿಸಿದವನನ್ನ ನೆನೆಯುತ್ತೆ. ತೂಬು ಇಡಿಸಿದ್ದಕ್ಕೆ ಕಲ್ಲಿನ ಮೇಲೆ ಹೆಸರು! ಕೆ.ಆರ್.ಪುರಂ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದ್ರೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸಿಗುತ್ತೆ. ವೀಳ್ಯದೆಲೆ ವ್ಯಾಪಾರ ಮಾಡಿದವರು ದುಡಿದ ದುಡ್ಡಲ್ಲಿ ಕೆರೆ ಕಟ್ಟಿಸಿದ್ರು.

ಮುಖ್ಯವಾಗಿ, ಕೆರೆ ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಬರೋ ನೀರು. ಹಲಸೂರು ಕೆರೆ ತುಂಬಿದರೆ ಚಲ್ಲಘಟ್ಟದ ಕಣಿವೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಇದು ಸರಪಳಿ. ಒಂದು ಡಬ್ಬ ಬೇಡ ಅಂದ್ರೆ ತೆಗೆದು ಪಕ್ಕಕ್ಕಿಡಬಹುದು. ಸರಪಳಿಯ ಒಂದು ಕೊಂಡಿ ತೆಗೆದ್ರೆ? ಮಳೆ ಬಂದಾಗ ನೀರು ಬಡಾವಣೆಗೆ ನುಗ್ಗುತ್ತೆ, ಬೇಸಿಗೆಯಲ್ಲಿ ಬೋರ್‌ವೆಲ್ ಒಣಗುತ್ತೆ. ನೀರಿನ ಬದಲು ಕೊಳಚೆ ಬಿಟ್ಟರೆ? 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ವು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ನೀರಿಗೆ ಬೆಂಕಿ! ನಾವದನ್ನ ಲೈವ್ ತೋರಿಸಿದ್ವಿ. ಮೇಲಿನ ಕೊಂಡಿಗಳು ಎಲ್ಲಿ ಹೋದ್ವು ಅಂತ ಅವತ್ತು ನಾನೂ ಕೇಳಲಿಲ್ಲ.

2024ರ ಬೇಸಿಗೆಗೆ ವಾಪಸ್ ಬರೋಣ. ಊರಿನ ಸರ್ಕಾರಿ ಬೋರ್‌ವೆಲ್‌ಗಳು 13,900, ಅದರಲ್ಲಿ 6,900 ಒಣಗಿದ್ವು ಅಂತ ಸರ್ಕಾರವೇ ಹೇಳ್ತು. ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ಊರವರೆಲ್ಲರದ್ದಾಗಿದ್ದ ಟ್ಯಾಂಕ್ ಹೋಗಿ, ದುಡ್ಡು ಇದ್ದವರ ಟ್ಯಾಂಕರ್ ಬಂತು. ನೀರುಗಂಟಿ ಜಾಗದಲ್ಲಿ ಈಗ ಟ್ಯಾಂಕರ್ ಡ್ರೈವರ್ ಇದ್ದಾನೆ. ಫೋನ್ ಎತ್ತಿದರೆ ನಮ್ಮ ಅದೃಷ್ಟ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು. ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ತರೋ ಯೋಜನೆ. ಒಳ್ಳೇದೇ. ಆದರೆ ನೂರು ಕಿಲೋಮೀಟರ್ ಆಚೆಯ ನದಿ ನಮ್ಮ ಮನೆ ಬಾಗಿಲ ಕೆರೆಯ ಕೆಲಸವನ್ನೆಲ್ಲ ಮಾಡಲ್ಲ. ಮಳೆನೀರು ಹಿಡಿಯೋದು, ಅಂತರ್ಜಲ ತುಂಬಿಸೋದು, ಪ್ರವಾಹ ತಡೆಯೋದು ಕೆರೆಯ ಕೆಲಸ.

ಒಂದು ಒಳ್ಳೆ ಸುದ್ದಿಯೂ ಇದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಪಂಪ್ ಮಾಡಿ ಕೋಲಾರದ ಕಡೆಯ ನೂರಕ್ಕೂ ಹೆಚ್ಚು ಕೆರೆ ತುಂಬಿಸ್ತಿದ್ದಾರೆ. ನೀರಿನ ಗುಣಮಟ್ಟದ ಬಗ್ಗೆ ಅಲ್ಲಿನ ರೈತರು ಎತ್ತಿರೋ ಪ್ರಶ್ನೆಗಳಿವೆ, ಅವಕ್ಕೆ ಉತ್ತರ ಬೇಕು. ಆದರೆ ಅಲ್ಲಿ ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಹೋಗುತ್ತೆ. ನಾವು ನಮ್ಮಲ್ಲಿ ಕಡಿದ ಸರಪಳಿ ಅವರಲ್ಲಿ ಇನ್ನೂ ಉಳಿದಿರೋದಕ್ಕೇ ಈ ಯೋಜನೆ ಸಾಧ್ಯವಾಗಿದೆ.

ಹಲಸೂರಿನ ಆ ಹಿರಿಯರಿಗೆ ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. "ಅಧಿಕಾರಿಗಳ ಗಮನಕ್ಕೆ ತರ್ತೀವಿ ಸರ್" ಅಂತ ಹೇಳಿ ಬ್ರೇಕ್ ತಗೊಂಡೆ. ಈಗ ಕೊಡ್ತೀನಿ. ಸರ್, ನಿಮ್ಮ ಮನೆ ಮೇಲಿನ ಟ್ಯಾಂಕ್ ಖಾಲಿ ಆಗಿದ್ದು ಮೂರು ದಿನದಿಂದಲ್ಲ. ನಿಮ್ಮ ಪಕ್ಕದ ಟ್ಯಾಂಕಿಗೂ ಅದರ ಕೆಳಗಿನ ಟ್ಯಾಂಕಿಗೂ ಇದ್ದ ಸಂಬಂಧವನ್ನ ನಾವು ಕಡಿದ ದಿನದಿಂದ. ಇಂದಿರಾನಗರ, ಕೆ.ಆರ್.ಪುರಂ, ಶಿವಾಜಿನಗರದಲ್ಲಿ ಇದನ್ನ ಓದ್ತಿರೋರು ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಮಳೆನೀರು ಯಾವ ಕೆರೆಗೆ ಹೋಗಬೇಕಿತ್ತು, ಈಗ ಎಲ್ಲಿಗೆ ಹೋಗ್ತಿದೆ ಅಂತ ಒಂದ್ಸಲ ವಿಚಾರಿಸಿ. ವಾರ್ಡ್ ಕಚೇರಿಯಲ್ಲಿ ಕೇಳಿ. ಉತ್ತರ ಸಿಗೋವರೆಗೂ ಕೇಳ್ತಾ ಇರಿ.