ಸಫರು, ಮುಸಾಫಿರ, ಸಫಾರಿ

ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಮೂಟೆಯಾಗಿ ಕ್ಯೂರಿಂಗ್ ವರ್ಕ್ಸ್ ಸೇರಿ, ಬೆಲೆಯೂ ಕೈಹಿಡಿದ ವರ್ಷವಾದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಈಚೆಗೆ ಒಂದು ಮಾತು ಏಳುವುದುಂಟು: ‘ಈ ಸಲ ಆಫ್ರಿಕಾಕ್ಕೆ ಹೋಗಿ ಬರೋಣ. ನಾಲ್ಕು ದಿನ ಸಫಾರಿ, ಒಂದು ದಿನ ಮಸಾಯಿಗಳ ಹಟ್ಟಿ, ಆಮೇಲೆ ಜಾಂಜಿಬಾರಿನಲ್ಲಿ ಸಮುದ್ರ.’ ಈ ಲೆಕ್ಕದಲ್ಲಿ ಸಫಾರಿ ಎಂದರೆ ಪ್ರಾಣಿ ನೋಡುವ ಬಾಬತ್ತು ಮಾತ್ರ. ಆ ಪದ ಹುಟ್ಟಿ ಬೆಳೆದ ಸ್ವಾಹಿಲಿಯಲ್ಲಾದರೋ ಮೂರೂ ಸಫಾರಿಯೇ. ಕಳಸದಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗುವುದೂ ಸಫಾರಿ, ಸಾವಿನ ಮನೆಗೆಂದು ದೂರದೂರಿನ ಬಸ್ಸು ಹತ್ತಿದವನದೂ ಸಫಾರಿ. ಹೊರಟವರಿಗೆ ಅಲ್ಲಿ ‘ಸಫಾರಿ ನ್ಜೇಮಾ’ ಎನ್ನುತ್ತಾರೆ. ನಮ್ಮ ‘ಸುಖವಾಗಿ ಹೋಗಿ ಬನ್ನಿ’ ಎಂಬಷ್ಟೇ ಅರ್ಥ, ಆನೆ ಸಿಂಹಗಳ ಸುಳಿವೂ ಅದರಲ್ಲಿಲ್ಲ.

ಮಾತಿನ ಬೇರು ಕೆದಕುವ ಚಟವಿರುವ ನಾವು ಇನ್ನೂ ಹಿಂದಕ್ಕೆ ಹೋಗಬೇಕು. ಅರಬ್ಬಿಯಲ್ಲಿ ಸೀನ್, ಫಾ, ರಾ ಎಂಬ ಮೂರಕ್ಷರದ ಧಾತುವಿನಿಂದ ‘ಸಫರ್’, ಅಂದರೆ ಪಯಣ, ಪಯಣಿಗ ‘ಮುಸಾಫಿರ್’, ಅವನು ಕಟ್ಟಿಕೊಂಡ ಬುತ್ತಿ ‘ಸುಫ್ರಾ’, ನಮ್ಮ ಸಂಸ್ಕೃತದ ‘ಪಾಥೇಯ’ಕ್ಕೆ ಸರಿಜೋಡಿ, ಆ ಸುಫ್ರಾ ಬರಬರುತ್ತ ಬುತ್ತಿಯನ್ನು ಹರಡಿಕೊಳ್ಳುವ ತೊಗಲಿನ ಹಾಸಾಗಿ, ಕಡೆಗೆ ಊಟದ ಮೇಜೇ ಆಯಿತು. (ಇಸ್ಲಾಮೀ ಪಂಚಾಂಗದ ಸಫರ್ ತಿಂಗಳನ್ನು ಇದಕ್ಕೆ ಗಂಟುಹಾಕಬಾರದು, ಅದರ ಮೊದಲಕ್ಷರ ಸೀನ್ ಅಲ್ಲ, ಸ್ವಾದ್. ಕನ್ನಡ ಲಿಪಿ ಎರಡನ್ನೂ ಒಂದೇ ‘ಸ’ಕಾರದಲ್ಲಿ ಮುಚ್ಚಿಬಿಡುತ್ತದೆ.) ಹಾಯಿಹಡಗಿನ ವ್ಯಾಪಾರಿಗಳ ಬಾಯಲ್ಲಿ ಪೂರ್ವ ಆಫ್ರಿಕಾದ ಕರಾವಳಿಗೆ ಇಳಿದ ಸಫರು ಸಫಾರಿಯಾಗಿ, ‘ಕುಸಾಫಿರಿ’ ಎಂದರೆ ಪಯಣಿಸು, ‘ಮ್ಸಾಫಿರಿ’ ಎಂದರೆ ಪಯಣಿಗ, ‘ವಸಾಫಿರಿ’ ಎಂದರೆ ಪಯಣಿಗರು ಎಂದು ಬಾಂಟು ವ್ಯಾಕರಣವನ್ನು ಮೈಗೂಡಿಸಿಕೊಂಡಿತು. ಅರಬ್ಬಿಯ ‘ಮು’, ಬಾಂಟುವಿನ ‘ಮ್’ ಬೇರೆ ಬೇರೆ ಕುಲದ ಉಪಸರ್ಗಗಳು. ಆದರೂ ಮುಸಾಫಿರ್ ಮತ್ತು ಮ್ಸಾಫಿರಿ ಒಬ್ಬರನ್ನೊಬ್ಬರು ಗುರುತು ಹಿಡಿಯುವಷ್ಟು ಹೋಲುತ್ತಾರೆ.

ಮುಸಾಫಿರನನ್ನು ನಮಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಪಾರಸಿ, ದಖನಿಗಳ ದಾರಿಯಿಂದ ಕನ್ನಡಕ್ಕೆ ಬಂದು, ಪಥಿಕ, ಪಾಂಥ, ದಾರಿಗ, ಬಟ್ಟೆಗರ ಜೊತೆ ಕೂತು, ಊರೂರಿನಲ್ಲಿ ಮುಸಾಫರಖಾನೆ ಕಟ್ಟಿಸಿಕೊಂಡವನು ಆತ. ಆಮೇಲೆ ಟ್ರಾವೆಲರ್ಸ್ ಬಂಗಲೆ ಬಂದು, ಅದೂ ಸವೆದು ‘ಟೀಬಿ’ಯಾದದ್ದು ಬೇರೆ ಕತೆ. ಬಾಬಾಬುಡನ್‌ಗಿರಿಯ ಪ್ರತೀತಿಯೇ ಒಬ್ಬ ಮುಸಾಫಿರನದು. 17ನೆಯ ಶತಮಾನದಲ್ಲಿ ಹಜ್ ಮುಗಿಸಿ ಹಿಂದಿರುಗುತ್ತಿದ್ದ ಬಾಬಾ ಬುಡನ್ ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರಂತೆ. ಆ ಬೀಜವೂ ಮುಸಾಫಿರನೇ. 1753ರಲ್ಲಿ ಲಿನ್ನೇಯಸ್ ಅದಕ್ಕೆ ‘ಅರೇಬಿಕಾ’ ಎಂದು ಹೆಸರಿಟ್ಟರೂ ಅದರ ಕಾಡುತವರು ಇಥಿಯೋಪಿಯಾದ ನೈರುತ್ಯದ ಅರಣ್ಯ; ಕೆಂಪು ಸಮುದ್ರ ದಾಟಿ ಯೆಮನ್ನಿಗೆ, ಅಲ್ಲಿಂದ ನಮ್ಮ ಗಿರಿಗೆ. ಹೆಸರಿನ ದಾರಿ ಇನ್ನೂ ಬಳಸು: ಅರಬ್ಬಿಯ ‘ಕಹ್ವಾ’ ಸ್ವಾಹಿಲಿಯಲ್ಲಿ ‘ಕಹಾವಾ’ ಆಗಿ ನೇರವಾಗಿ ಇಳಿಯಿತು, ನಮಗೆ ತುರ್ಕಿ, ಯುರೋಪುಗಳನ್ನು ಸುತ್ತಿಕೊಂಡು ‘ಕಾಫಿ’ಯಾಗಿ ಬಂದು, ಹಳ್ಳಿಬಾಯಲ್ಲಿ ‘ಕಾಪಿ’ ಎಂದು ನೆಲೆಯಾಯಿತು. ಸಫರಿನದೂ ಇದೇ ಚಾಳಿ: ಮುಸಾಫಿರನಾಗಿ ಹತ್ತಿರದ ದಾರಿಯಲ್ಲಿ ಬಂದವನು, ಸಫಾರಿಯಾಗಿ ಇಂಗ್ಲಿಷಿನ ಹೆಗಲೇರಿ ಇನ್ನೊಮ್ಮೆ ಬಂದ.

ಆ ಹೆಗಲಲ್ಲಿ ಕೋವಿಯೂ ಇತ್ತು. 1860ರಲ್ಲಿ ರಿಚರ್ಡ್ ಬರ್ಟನ್ ಪ್ರಕಟಿಸಿದ ಮಧ್ಯ ಆಫ್ರಿಕಾದ ಸರೋವರಗಳ ಪ್ರವಾಸಕಥನದಲ್ಲಿ ಈ ಪದ ಕಾಣಿಸಿಕೊಂಡಾಗ ಅದು ಹೊರೆಯಾಳುಗಳ ಸಾಲು ಹಿಡಿದು ನಡೆಯುವ ಪಯಣ. 1909ರಲ್ಲಿ, ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಬೆನ್ನಿಗೇ, ಥಿಯೋಡರ್ ರೂಸ್‌ವೆಲ್ಟ್ ಮೊಂಬಾಸಾದಲ್ಲಿ ಇಳಿದು ಬೇಟೆಗೆ ಹೊರಟ. ಪತ್ರಿಕೆಗಳು ಅದನ್ನು ಲೋಕಕ್ಕೆಲ್ಲ ಸಾರಿದವು, ಸಫಾರಿ ಶಿಕಾರಿಯ ಪರ್ಯಾಯವಾಯಿತು. 1977ರಲ್ಲಿ ಕೀನ್ಯಾ ಬೇಟೆಯನ್ನೇ ನಿಷೇಧಿಸಿತು. ಕೋವಿ ಇಳಿದು ಕ್ಯಾಮೆರಾ ಏರಿತು, ಪದ ಮಾತ್ರ ಮೃಗಗಳ ಹಿಂದೆಯೇ ಉಳಿಯಿತು. ನಮ್ಮ ಗಿರಿಯ ಮಡಿಲಿನಲ್ಲೂ ಅದೇ ಕ್ರಮ: 1951ರಲ್ಲಿ ಜಾಗರ ಕಣಿವೆಯ ವನ್ಯಧಾಮ, ಆಮೇಲೆ ಲಕ್ಕವಳ್ಳಿಯ ಕಾಡೂ ಕೂಡಿಕೊಂಡು ಭದ್ರಾ ಅಭಯಾರಣ್ಯ, 1998ರಲ್ಲಿ ಹುಲಿ ಯೋಜನೆ, ಈಗ ಮುತ್ತೋಡಿಯ ಜೀಪು. ಈ ಜೀಪಿನ ಕನ್ನಡದಲ್ಲಿ ಸಫಾರಿ ಇನ್ನಷ್ಟು ಕುಗ್ಗಿದೆ. ‘ಬೆಳಗಿನ ಸಫಾರಿ ಸಿಗಲಿಲ್ಲ’, ‘ಎರಡು ಸಫಾರಿ ಮಾಡಿದ್ವಿ, ಒಂದು ಬಾಲನೂ ಕಾಣ್ಲಿಲ್ಲ’: ಎಣಿಸಬಹುದಾದ, ಟಿಕೆಟು ಹರಿಯಬಹುದಾದ ಕೆಲವು ಗಂಟೆಗಳ ಸರಕು. ಎಂಬತ್ತರ ದಶಕದ ಅಧಿಕಾರಿಗಳ ಮೈಮೇಲಿದ್ದ ಸಫಾರಿ ಸೂಟಿನ ವಿಷಯ ಎತ್ತಿದರೆ ಈ ಬರಹ ದರ್ಜಿಯ ಅಂಗಡಿಯಲ್ಲೇ ಮುಗಿದೀತು. ‘ಸವಾರಿ’ಯನ್ನು ಇದರ ಅಣ್ಣನೆಂದು ಕೆಲವರು ತಿಳಿಯುವುದುಂಟು, ಅಲ್ಲ, ಅದು ಪಾರಸಿಯ ‘ಸವಾರ್’, ಕುದುರೆ ಏರಿದವನು.

ಹೀಗೆ ಕುಗ್ಗಿದ್ದಕ್ಕೆ ಪದವನ್ನು ಬೈಯಬೇಕಿಲ್ಲ, ನಮ್ಮಲ್ಲೇ ಮೇಲ್ಪಂಕ್ತಿ ಇದೆ. ಸಂಸ್ಕೃತದ ‘ಯಾತ್ರಾ’ ಎಂದರೆ ಹೋಗುವುದು. ಅದರ ತದ್ಭವವಾದ ‘ಜಾತ್ರೆ’ ಎಂದರೆ ಹೋಗಿ ಸೇರಿದ ಕಡೆ ಕಾಣುವ ತೇರು, ಅಂಗಡಿ, ಮಂದಿ. ನಡಿಗೆ ಅಳಿದು ನೋಟ ಉಳಿಯಿತು. ಕನ್ನಡ ಜಾಣತನದಿಂದ ಯಾತ್ರೆ, ಜಾತ್ರೆ ಎರಡನ್ನೂ ಇಟ್ಟುಕೊಂಡಿತು. ಸಫಾರಿಯ ವಿಷಯದಲ್ಲಿ ಮಾತ್ರ ನಮ್ಮ ಕೈಗೆ ಬಂದದ್ದು ಬರೀ ಜಾತ್ರೆ.

ಆದ್ದರಿಂದ ಆಫ್ರಿಕಾಕ್ಕೆ ಹೊರಡುವವರು ಹಳೆಯ ಅರ್ಥವನ್ನು ಹಿಡಿದು ಯೋಜನೆ ಹಾಕುವುದು ವಾಸಿ ಎಂದು ನನಗನ್ನಿಸುತ್ತದೆ. ಮಸಾಯಿ ಮಾರಾದಲ್ಲಿ ವಿಲ್ಡೆಬೀಸ್ಟ್ ಹಿಂಡುಗಳು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರಿನ ತನಕ. ಜಾಂಜಿಬಾರಿನ ಕಡಲತೀರಕ್ಕೂ ಅದು ಒಣಗಾಲ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ‘ಮಸೀಕಾ’, ದೊಡ್ಡ ಮಳೆ. ನಮ್ಮಲ್ಲಿ ಜುಲೈ ಎಂದರೆ ಗಿರಿಯೆಲ್ಲ ಮಂಜು, ತೋಟದಲ್ಲಿ ಜಿಗಣೆ, ಮನೆಯಿಂದ ಕಾಲು ಹೊರಗಿಡಲಾಗದ ಕಾಲ, ಅಂದಮೇಲೆ ಹೊರಡಲು ಹೇಳಿ ಮಾಡಿಸಿದ್ದು. ಹಳದಿ ಜ್ವರದ ಲಸಿಕೆಯನ್ನು 10 ದಿನ ಮೊದಲೇ ಹಾಕಿಸಿಕೊಂಡಿರಬೇಕು, ಇಲ್ಲದಿದ್ದರೆ ವಾಪಸು ಬರುವಾಗ ನಮ್ಮವರೇ ತಡೆಯುತ್ತಾರೆ. ಜುಲೈಯಲ್ಲಿ ನಮ್ಮ ಮುಳ್ಳಯ್ಯನಗಿರಿಯನ್ನು ತೋಯಿಸುವ ಮುಂಗಾರು ಗಾಳಿ ಭೂಮಧ್ಯರೇಖೆಯನ್ನು ದಾಟುವುದೂ ಅದೇ ಆಫ್ರಿಕಾದ ಕರಾವಳಿಯ ಪಕ್ಕದಲ್ಲೇ. ಈಶಾನ್ಯದ ಗಾಳಿ ಹಿಡಿದು ಹೋದ ಹಾಯಿಹಡಗುಗಳು ಈ ಗಾಳಿಯಲ್ಲಿ ಮರಳುತ್ತಿದ್ದವು. ಅರಬ್ಬಿಯ ‘ಮೌಸಿಮ್’ ಸ್ವಾಹಿಲಿಗೆ ‘ಮ್ಸಿಮು’, ಇಂಗ್ಲಿಷಿಗೆ ಮಾನ್ಸೂನ್. ಸ್ವಾಹಿಲಿ ಎಂಬ ಹೆಸರೇ ಅರಬ್ಬಿಯ ‘ಸಾಹಿಲ್’, ಕಡಲತೀರದಿಂದ ಬಂದದ್ದು.

ಜಾಂಜಿಬಾರಿನ ಕಲ್ಲುಪಟ್ಟಣದ ಓಣಿಗಳಲ್ಲಿ ಕಿವಿಯನ್ನು ತುಸು ತೆರೆದಿಟ್ಟರೆ ದೂಕಾ (ಅಂಗಡಿ), ಗಾರಿ, ಬಂದಾರಿ, ಸಬೂನಿ, ಹೆಸಾಬು, ವಕೀಲಿ, ರಂಗಿ, ದುನಿಯಾ ಎಲ್ಲ ಒಂದೊಂದಾಗಿ ಬಂದು ಮಾತನಾಡಿಸುತ್ತವೆ. ಹಾಗೆಂದು ಮಾರಾದಲ್ಲಿ ಜೀಪಿನವನು ‘ಸಿಂಬಾ!’ ಎಂದಾಗ ‘ನಮ್ಮ ಸಿಂಹವೇ’ ಎಂದು ಹಿಗ್ಗಬೇಡಿ. ಅದು ಅಚ್ಚ ಬಾಂಟು ಪದ, ಸಂಸ್ಕೃತಕ್ಕೂ ಅದಕ್ಕೂ ನಂಟಿಲ್ಲ.