ಬೇಲಿಯೊಳಗಿನ ಇಲಿಗಳು



ಒಂದು ವರ್ಷ ಹೊಲವೆಲ್ಲ ಬಿಲ, ಮತ್ತೊಂದು ವರ್ಷ ಹುಡುಕಿದರೂ ಇಲಿಯ ಸುಳಿವಿಲ್ಲ. ನಮ್ಮ ರೈತರಿಗೂ ಇದು ಹೊಸದಲ್ಲ. ಇದೇಕೆ ಹೀಗೆ ಎಂಬ ಒಂದೇ ಪ್ರಶ್ನೆಗೆ ಆಯುಷ್ಯವನ್ನೇ ತೆತ್ತವರು ಶೀತದೇಶಗಳಲ್ಲಿದ್ದರು. ಅವರು ಬೆನ್ನು ಹತ್ತಿದ್ದು ವೋಲ್ ಎಂಬ ಮೋಟುಬಾಲದ, ಹುಲ್ಲು ಮೇಯುವ ಬಯಲಿಲಿಯನ್ನು. ಅದು ನಮ್ಮ ಸೀಮೆಯಲ್ಲಿಲ್ಲ. ಹಾಗಾಗಿ ಕನ್ನಡದಲ್ಲಿ ಅದಕ್ಕೆ ಹೆಸರೂ ಇಲ್ಲ.

1923ರಲ್ಲಿ ಆಕ್ಸ್‌ಫರ್ಡಿನ ತರುಣ ಚಾರ್ಲ್ಸ್ ಎಲ್ಟನ್ನರು ಸ್ಪಿಟ್ಸ್‌ಬರ್ಗೆನ್ನಿನಿಂದ ಹಿಂದಿರುಗುತ್ತ ನಾರ್ವೆಯಲ್ಲಿ ಆ ದೇಶದ ಪ್ರಾಣಿಗಳನ್ನು ಕುರಿತ ಗ್ರಂಥವೊಂದನ್ನು ಕೊಂಡರು. ಭಾಷೆ ಬಾರದು, ನಿಘಂಟು ಹಿಡಿದು ಒಂದೊಂದೇ ಪದ ಬಿಡಿಸಿ ಓದಿದರು. (ನಿಘಂಟು ಕಂಡರೆ ಮೂಗು ಮುರಿಯುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪದೇಪದೇ ಹೇಳಿದ್ದೇನೆ.) ವೋಲಿನ ದಾಯಾದಿಯಾದ ಲೆಮ್ಮಿಂಗ್ ಮೂರು ನಾಲ್ಕು ವರ್ಷಕ್ಕೊಮ್ಮೆ ಉಕ್ಕಿ ಬಂದು ಮತ್ತೆ ಇಳಿದುಹೋಗುವ ವೃತ್ತಾಂತ ಅದರಲ್ಲಿತ್ತು. 1932ರಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ಪ್ರಾಣಿಗಳ ಸಂಖ್ಯೆಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆಯನ್ನು ತೆರೆದರು.

ಅಲ್ಲಿಗೆ ಬಂದ ಡೆನಿಸ್ ಚಿಟ್ಟಿಯವರು 1936ರಿಂದ ವೇಲ್ಸಿನ ವರ್ನ್‌ವಿ ಸರೋವರದ ಬಳಿ ವೋಲುಗಳನ್ನು ಬೋನಿನಲ್ಲಿ ಹಿಡಿದು, ಗುರುತು ಮಾಡಿ ಬಿಟ್ಟರು. ರೋಗವೇ ಇವನ್ನು ಕೊಲ್ಲುತ್ತಿರಬೇಕೆಂಬ ಊಹೆ ಆಗ ಬಲವಾಗಿತ್ತು. 1937ರಲ್ಲಿ ವೋಲುಗಳಲ್ಲಿ ಒಂದು ಬಗೆಯ ಕ್ಷಯ ಪತ್ತೆಯಾದಾಗ ಕಳ್ಳ ಸಿಕ್ಕಿದನೆಂದೇ ತೋರಿತು. ಸಿಕ್ಕಿರಲಿಲ್ಲ. ಚಿಟ್ಟಿಯವರು ಲೆಕ್ಕ ಹಾಕಿ ನೋಡಿದರೆ, ಸಂಖ್ಯೆ ಕುಸಿಯುವುದಕ್ಕೆ ಕ್ಷಯ ಕಾರಣವಾಗಿರಲಿಲ್ಲ.

ಆಗ ಅವರ ದೃಷ್ಟಿ ಇಲಿಗಳ ಪರಸ್ಪರ ವರ್ತನೆಯ ಕಡೆ ಹೊರಳಿತು. ದಟ್ಟಣೆ ಹೆಚ್ಚಿದಾಗ ಜಾಗಕ್ಕಾಗಿ ಕಾದಾಡಬಲ್ಲ ಜಗಳಗಂಟಿಗಳೇ ಉಳಿಯುತ್ತವೆ. ಅಂಥವುಗಳ ಸಂತಾನ ಕಡಮೆ. ಆದ್ದರಿಂದ ಸಂಖ್ಯೆ ತಾನಾಗಿಯೇ ಇಳಿಯುತ್ತದೆ ಎಂದು ವಾದಿಸಿದರು. ವೋಲುಗಳ ಬಾಳುವೆಯಾದರೂ ಒಂದೇ ತೆರನಲ್ಲ. ಅಮೆರಿಕದ ಹುಲ್ಲುಗಾವಲಿನ ವೋಲಿನಲ್ಲಿ ಹೆಣ್ಣು ಮರಿ ಹಾಕುವ ಕಾಲದಲ್ಲಿ ತನ್ನದೇ ಎಲ್ಲೆ ಕಾಯುತ್ತದೆ, ಗಂಡು ಹಲವು ಎಲ್ಲೆಗಳಲ್ಲಿ ಅಲೆಯುತ್ತದೆ. ಪ್ರೇರಿ ವೋಲಿನಲ್ಲಿಯೋ, ಗಂಡುಹೆಣ್ಣು ಒಂದೇ ಗೂಡಿನಲ್ಲಿದ್ದು ಮರಿಗಳನ್ನು ಕೂಡಿಯೇ ಸಾಕುವುದುಂಟು.

ಈ ಎರಡು ಜಾತಿಗಳೂ ಇದ್ದ ಇಂಡಿಯಾನದ ಬಯಲಿನಲ್ಲಿ ಚಾರ್ಲ್ಸ್ ಕ್ರೆಬ್ಸರೂ ಅವರ ಸಂಗಡಿಗರೂ ಇಲಿ ದಾಟಲಾರದಂಥ ತಂತಿಬೇಲಿ ಹಾಕಿಸಿ, 1969ರಲ್ಲಿ ಫಲಿತವನ್ನು ಪ್ರಕಟಿಸಿದರು. ಮೇಲ್ಭಾಗ ತೆರೆದೇ ಇತ್ತು. ಗಿಡುಗ ಗೂಬೆಗಳಿಗೆ ಅಡ್ಡಿಯಿರಲಿಲ್ಲ. ಆದರೂ ಬೇಲಿಯೊಳಗೆ ವೋಲುಗಳು ಹೊರಗಿನದಕ್ಕಿಂತ ಎಷ್ಟೋ ದಟ್ಟವಾಗಿ ತುಂಬಿಕೊಂಡವು. ಹುಲ್ಲನ್ನು ಬೋಳಾಗಿ ಮೇದು, ಕೊನೆಗೆ ಉಪವಾಸ ಬಿದ್ದವು. ಹೊರಗಿನ ಬಯಲಿನಲ್ಲಿ ನೆಲೆ ಸಿಗದವು ಗಂಟುಮೂಟೆ ಕಟ್ಟಿ ಹೊರಟುಹೋಗುತ್ತಿದ್ದವು; ಒಳಗಿನವಕ್ಕೆ ಹೊರಡಲು ದಾರಿಯೇ ಇರಲಿಲ್ಲ. ಹುಲ್ಲು ಮುಗಿಯುವ ಮೊದಲೇ ಸಂಖ್ಯೆಗೆ ಕಡಿವಾಣ ಹಾಕುತ್ತಿದ್ದುದು ಈ ವಲಸೆ.

ಹಾಗಾದರೆ ಚಿಟ್ಟಿಯವರ ವಾದ ಗೆದ್ದಿತೇ? ವಲಸೆಯ ಮಾತು ನಿಂತಿತು. ಜಗಳಗಂಟಿತನ ವಂಶದಿಂದ ಬಂದು ಏರಿಳಿತವನ್ನು ಆಳುತ್ತದೆಂಬ ಮಾತಿಗೆ ಮಾತ್ರ ತಕ್ಕ ಸಾಕ್ಷ್ಯ ದೊರೆಯಲಿಲ್ಲ. 1996ರಲ್ಲಿ, ಎಂಬತ್ತು ದಾಟಿದ ಚಿಟ್ಟಿಯವರು ತಮ್ಮ ಶೋಧನೆಯ ಕಥೆಯನ್ನು ತಾವೇ ಬರೆದು ಪ್ರಕಟಿಸಿದರು. ಸುಂದರವಾದ ಊಹೆಗಳು, ಕುರೂಪಿಯಾದ ಸತ್ಯಾಂಶಗಳು ಎಂಬರ್ಥದ ಉಪಶೀರ್ಷಿಕೆಯನ್ನು ಆ ಪುಸ್ತಕಕ್ಕೆ ಕೊಟ್ಟರು.