ಬೆಂಕಿ ಆರಿದ ಮೇಲೆ ಉಳಿಯುವುದೇನು?



ಮೈಸೂರಿನ ಮಂಡಿ ಮೊಹಲ್ಲಾದಿಂದ ಹೊರಟು ಇರ್ವಿನ್ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದರೆ ರೈಲು ನಿಲ್ದಾಣದ ಕಡೆಗೆ ಬರುತ್ತೀರಿ. ಅಲ್ಲಿಂದ ಕೃಷ್ಣರಾಜಸಾಗರ ರಸ್ತೆಗೆ ತಿರುಗಿದರೆ, ಸಿ.ಎಫ್.ಟಿ.ಆರ್.ಐ. ಎದುರಿಗೆ ಕೆಲವು ಹಳೆಯ ಉಗಿ ಎಂಜಿನ್‌ಗಳು ನಿಂತಿರುವುದು ಕಾಣುತ್ತದೆ. ಅದು 1979ರಲ್ಲಿ ಸ್ಥಾಪನೆಯಾದ ರೈಲ್ವೆ ವಸ್ತುಸಂಗ್ರಹಾಲಯ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ ತೆರೆದ ಎರಡೇ ವರ್ಷಗಳಲ್ಲಿ ಮೈಸೂರಿಗೆ ಈ ಭಾಗ್ಯ ಬಂತು. ಮಹಾರಾಣಿಯವರ 1899ರ ಸಲೂನು ಬಂಡಿಯೂ, ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರೂ ಅಲ್ಲಿವೆ. ಶಾಲಾ ಪ್ರವಾಸದಲ್ಲಿ ನೀವೂ ಅಲ್ಲಿಗೆ ಹೋಗಿರಬಹುದು. ಆದರೆ ಒಂದು ಪ್ರಶ್ನೆಯನ್ನು ಬಹುಶಃ ಕೇಳಿಕೊಂಡಿರಲಾರಿರಿ: ಹೀಗೆ ನಿಲ್ಲಿಸಿದಾಗ ನಾವು ಉಳಿಸಿಕೊಂಡದ್ದು ಏನನ್ನು? ಕಬ್ಬಿಣವನ್ನೋ, ಅದನ್ನು ಓಡಿಸುತ್ತಿದ್ದ ವಿದ್ಯೆಯನ್ನೋ?

ಮೈಸೂರಿಗೆ ರೈಲು ಬಂದದ್ದು ಸಂಭ್ರಮದಿಂದಲ್ಲ, ಸಂಕಟದಿಂದ. 1876ರಿಂದ 78ರವರೆಗಿನ ಮಹಾ ಬರಗಾಲದಲ್ಲಿ ಹಸಿದವರಿಗೆ ಕೂಲಿ ಒದಗಿಸಲು ಬೆಂಗಳೂರು-ಮೈಸೂರು ದಾರಿಯ ಕೆಲಸ ಆರಂಭವಾಯಿತು. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಹಾಕಿದ್ದು ಮೀಟರ್‌ಗೇಜ್ ಹಳಿ. ಎಂದರೆ ಎರಡು ಹಳಿಗಳ ನಡುವಣ ಅಂತರ ಒಂದು ಮೀಟರು. ಆದರೆ ಮದರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲಿಯೇ ಬಂದಿದ್ದ ದಾರಿ ಬ್ರಾಡ್‌ಗೇಜ್; ಅದರ ಅಂತರ 1676 ಮಿಲಿಮೀಟರು. ಅಂದಿನಿಂದ 20ನೇ ಶತಮಾನದ ಕೊನೆಯ ದಶಕದವರೆಗೂ ದೊಡ್ಡ ಹಳಿಯ ಎಂಜಿನ್ ಮೈಸೂರಿಗೆ ಬರಲು ದಾರಿಯೇ ಇರಲಿಲ್ಲ. ಹೀಗಾಗಿ ಭಾರತದ ಅತ್ಯಂತ ಚೆಲುವಾದ ಉಗಿ ಎಂಜಿನ್ ಮೈಸೂರಿನ ಗಾಡಿಯನ್ನು ಎಳೆಯಲೇ ಇಲ್ಲ.

ಆ ಎಂಜಿನ್ ಡಬ್ಲ್ಯು.ಪಿ. ವರ್ಗದ್ದು. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಪಿ ಎಂದರೆ ಪ್ರಯಾಣಿಕರ ಗಾಡಿ. ಮೊದಲ 16 ಎಂಜಿನ್‌ಗಳು 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದವು. 1967ರ ಹೊತ್ತಿಗೆ ಒಟ್ಟು 755 ತಯಾರಾದವು. ಅವುಗಳಲ್ಲಿ ಅನೇಕವನ್ನು ನಮ್ಮದೇ ಚಿತ್ತರಂಜನ್ ಕಾರ್ಖಾನೆ ಕಟ್ಟಿತು. ಮುಂಭಾಗದಲ್ಲಿ ಬಂದೂಕಿನ ಗುಂಡಿನಂತೆ ಚೂಪಾಗಿ ಉಬ್ಬಿದ ಮೂತಿ, ಎಷ್ಟೋ ಎಂಜಿನ್‌ಗಳಲ್ಲಿ ಅದರ ಮೇಲೊಂದು ನಕ್ಷತ್ರ. ಇದನ್ನೇ ಸ್ಟ್ರೀಮ್‌ಲೈನ್ ಮಾಡುವುದು ಎನ್ನುತ್ತಾರೆ. ಗಾಳಿಯನ್ನು ಸೀಳಿಕೊಂಡು ಹೋಗುವ ಮೈಕಟ್ಟು ಎಂದು ಅರ್ಥ.

ಈ ಮೈಕಟ್ಟಿನಿಂದ ಎಷ್ಟು ಲಾಭ? ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆಂದು ನೀವು ಭೌತಶಾಸ್ತ್ರದಲ್ಲಿ ಓದಿರುತ್ತೀರಿ. 1938ರ ಜುಲೈ 3ರಂದು ಇಂಗ್ಲೆಂಡಿನ ‘ಮಲ್ಲಾರ್ಡ್’ ಗಂಟೆಗೆ 203 ಕಿಲೋಮೀಟರು ಓಡಿ ಉಗಿ ಎಂಜಿನ್‌ಗಳ ದಾಖಲೆ ಸ್ಥಾಪಿಸಿತು. ಅಂಥ ವೇಗದಲ್ಲಿ ನುಣುಪಾದ ಹೊದಿಕೆಗೆ ಅರ್ಥವಿತ್ತು. ಅದರ ಅರ್ಧದಷ್ಟು ವೇಗದಲ್ಲಿ ಓಡುತ್ತಿದ್ದ ನಮ್ಮ ಡಬ್ಲ್ಯು.ಪಿ.ಗೆ ಚೂಪು ಮೂತಿ ಬಹುಮಟ್ಟಿಗೆ ಅಲಂಕಾರವೇ. ಆದರೆ ಆ ಅಲಂಕಾರ ವ್ಯರ್ಥವಾಯಿತೆನ್ನಬೇಡಿ. ಸ್ವಾತಂತ್ರ್ಯ ಬಂದ ವರ್ಷವೇ ಬಂದ ಎಂಜಿನ್ನು ಹೊಸ ಕಾಲದ ಮುಖದಂತೆ ಕಂಡಿತು. 7200 ಸಂಖ್ಯೆಯ ಡಬ್ಲ್ಯು.ಪಿ. ಎಂಜಿನ್‌ಗೆ ‘ಆಜಾದ್’ ಎಂಬ ಹೆಸರಿದೆ.

ಹೊದಿಕೆಯನ್ನು ಉಳಿಸುವುದೂ ಸಂರಕ್ಷಣೆಯ ಒಂದು ಬಗೆ. ಇಂಗ್ಲೆಂಡಿನ ‘ಡಚೆಸ್ ಆಫ್ ಹ್ಯಾಮಿಲ್ಟನ್’ ಎಂಜಿನ್ 1938ರಲ್ಲಿ ನುಣುಪಾದ ಉಕ್ಕಿನ ಕವಚ ತೊಟ್ಟು ಹೊರಬಂದಿತ್ತು. ದುರಸ್ತಿಗೆ ಅಡ್ಡಿಯೆಂದು 1947ರಲ್ಲಿ ಆ ಕವಚವನ್ನು ಕಳಚಿದರು. 2009ರಲ್ಲಿ ಹೊಸ ಕವಚವನ್ನು ಮತ್ತೆ ತೊಡಿಸಿ ಯಾರ್ಕ್ ನಗರದ ಸಂಗ್ರಹಾಲಯದಲ್ಲಿ ನಿಲ್ಲಿಸಿದರು. ಹಳೆಯ ರೂಪ ಮರಳಿತು. ಒಲೆಯಲ್ಲಿ ಬೆಂಕಿ ಮಾತ್ರ ಮರಳಲಿಲ್ಲ.

ಬೆಂಕಿಯನ್ನು ಮರಳಿಸುವುದು ಏಕೆ ಕಷ್ಟ? ನಮ್ಮ ಬಚ್ಚಲುಮನೆಯ ಹಂಡೆಯನ್ನು ನೆನೆಯಿರಿ. ಅಲ್ಲಿ ಬೆಂಕಿ ಕೆಳಗೆ, ನೀರು ಮೇಲೆ. ಎಂಜಿನ್ನಿನಲ್ಲಿ ಬೆಂಕಿಯ ಪೆಟ್ಟಿಗೆಯ ಸುತ್ತಲೂ ಮೇಲೂ ನೀರಿರುತ್ತದೆ. ಬಿಸಿ ಹೊಗೆ ಬಾಯ್ಲರಿನೊಳಗಿನ ಕೊಳವೆಗಳಲ್ಲಿ ಸಾಗುತ್ತ ನೀರನ್ನು ಕಾಯಿಸುತ್ತದೆ. ಡಬ್ಲ್ಯು.ಪಿ.ಯ ಬಾಯ್ಲರಿನಲ್ಲಿ ಉಗಿಯ ಒತ್ತಡ ಚದರ ಅಂಗುಲಕ್ಕೆ 210 ಪೌಂಡು. ಹಂಡೆಯ ತಳದಲ್ಲಿ ಸುಣ್ಣದ ಪದರ ಕಟ್ಟುವಂತೆ ಬಾಯ್ಲರಿನೊಳಗೂ ಕಟ್ಟುತ್ತದೆ. ಉಳಿದ ತೇವ ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಎಷ್ಟೇ ಬಣ್ಣ ಬಳಿದರೂ ಈ ಸವೆತ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಜೀರ್ಣೋದ್ಧಾರ ಮಾಡುವವರು ಹಳೆಯ ಕೊಳವೆಗಳನ್ನು ಕೀಳಬೇಕು, ತಗಡಿನ ದಪ್ಪವನ್ನು ಅಳೆಯಬೇಕು, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಬೇಕು. ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ಬೆಂಕಿ ಏರಿಸಬೇಕು. ಅವಸರಪಟ್ಟರೆ ಉಕ್ಕು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಹಿಗ್ಗಿ ಸೋರುತ್ತದೆ. ಬೆಂಕಿ ಪೆಟ್ಟಿಗೆಯ ನೆತ್ತಿಯಿಂದ ನೀರು ಕೆಳಗಿಳಿದರೆ ಅನಾಹುತವೇ. ಆಗ ಕರಗಿ ಎಚ್ಚರಿಸಲೆಂದು ಅಲ್ಲಿ ಸೀಸದ ಬಿರಡೆಯನ್ನು ಇಟ್ಟಿರುತ್ತಾರೆ. ಇಷ್ಟೆಲ್ಲ ಮಾಡುವ ಒಂದು ಸ್ಥಳ ಹರಿಯಾಣದ ರೇವಾರಿ. 1893ರಲ್ಲಿ ಕಟ್ಟಿದ ಅಲ್ಲಿನ ಎಂಜಿನ್ ಷೆಡ್ಡು ಉಗಿಯ ಕಾಲ ಮುಗಿದ ಮೇಲೆ ಪಾಳುಬಿದ್ದಿತ್ತು. 2002ರಲ್ಲಿ ಅದನ್ನು ಪರಂಪರೆಯ ಕೇಂದ್ರವನ್ನಾಗಿ ಮಾಡಿದರು. ‘ಆಜಾದ್’ ಕೂಡ, 1965ರಲ್ಲಿ ಚಿತ್ತರಂಜನ್‌ನಲ್ಲಿ ಹುಟ್ಟಿದ ‘ಅಕ್ಬರ್’ ಕೂಡ ಅಲ್ಲಿ ಮತ್ತೆ ಉಗಿ ಕಂಡವು.

ಹಾಗಾದರೆ ಮೈಸೂರಿನ ಎಂಜಿನ್‌ಗಳಿಗೂ ಬೆಂಕಿ ಹಾಕಬೇಕೇ? ಈ ಪ್ರಶ್ನೆಗೆ ಎರಡು ಮುಖಗಳಿವೆ. ಓಡುವ ಎಂಜಿನ್ ಸವೆಯುತ್ತದೆ. ಇಂದು ಕೊಳವೆ, ನಾಳೆ ತಗಡು, ನಾಳಿದ್ದು ಬಾಯ್ಲರು ಎಂದು ಬದಲಿಸುತ್ತ ಹೋದರೆ, ಕೊನೆಗೆ ಉಳಿಯುವುದು ಹಳೆಯ ಹೆಸರು ಹೊತ್ತ ಹೊಸ ಎಂಜಿನ್. ನಿಂತ ಎಂಜಿನ್ ಆದರೋ ಸಾಕ್ಷಿಯಂತೆ: ಅಂದಿನ ಕಮ್ಮಾರ ಬಡಿದ ರಿವೆಟ್ಟು ಅಂದಿನಂತೆಯೇ ಇರುತ್ತದೆ. ಇತಿಹಾಸಕಾರನಿಗೆ ಈ ಸಾಕ್ಷಿಯೂ ಬೇಕು. ಮೈಸೂರಿನ ಸಂಗ್ರಹಾಲಯದಲ್ಲಿ ಇ.ಎಸ್. 506 ಎಂಬ ಎಂಜಿನ್ನಿನ ಚಕ್ರಗಳನ್ನು ಎಣಿಸಿ ನೋಡಿ: ಮುಂದೆ 4, ನಡುವೆ ಎಳೆಯುವ 6, ಹಿಂದೆ 2. ಡಬ್ಲ್ಯು.ಪಿ.ಯದೂ ಇದೇ ಜೋಡಣೆ. ಹಿಂದಿನ ಎರಡು ಚಕ್ರಗಳಿರುವುದರಿಂದ ಅವುಗಳ ಮೇಲೆ ಅಗಲವಾದ ಬೆಂಕಿ ಪೆಟ್ಟಿಗೆಯನ್ನು ಕೂರಿಸಬಹುದು. ಬೂದಿ ಹೆಚ್ಚಾಗಿರುವ ನಮ್ಮ ಕಲ್ಲಿದ್ದಲಿಗೆ ಅಂಥ ಪೆಟ್ಟಿಗೆಯೇ ಅನುಕೂಲ. ಇಂಥ ಪಾಠವನ್ನು ಕಲಿಸಲು ಎಂಜಿನ್ ಓಡಬೇಕಾಗಿಲ್ಲ.

ಆದರೆ ಕೈಗಳ ವಿದ್ಯೆಯನ್ನು ನಿಂತ ಎಂಜಿನ್ ಉಳಿಸಲಾರದು. ಬ್ರಾಡ್‌ಗೇಜಿನಲ್ಲಿ ನಿತ್ಯದ ಉಗಿ ಸಂಚಾರ 1995ರ ಡಿಸೆಂಬರಿನಲ್ಲಿ ನಿಂತಿತು. ಅಂದು ನಡುವಯಸ್ಸಿನವನಾಗಿದ್ದ ಫೈರ್‌ಮನ್ ಇಂದು ನಿವೃತ್ತ. ಹೊಗೆಯ ಬಣ್ಣ ನೋಡಿ ಬೆಂಕಿಯ ಹದ ಹೇಳುವುದು, ಓಲಾಡುವ ಎಂಜಿನ್ನಿನಲ್ಲಿ ನಿಂತು ಒಲೆಯ ಮೂಲೆಗೆ ಸರಿಯಾಗಿ ಕಲ್ಲಿದ್ದಲು ಎಸೆಯುವುದು, ಇವು ಪುಸ್ತಕದಿಂದ ಬರುವುದಿಲ್ಲ. ಪಕ್ಕದಲ್ಲಿ ನಿಂತು ಕಲಿಯಬೇಕು. ವಿದ್ಯೆ ಉಳಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ನೀಲಗಿರಿಯೇ ಸಾಕ್ಷಿ. ಮೇಟ್ಟುಪಾಳಯದಿಂದ ಬೆಟ್ಟ ಹತ್ತುವ ಆ ರೈಲು 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕಾಗಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆ ಈ ಶತಮಾನದಲ್ಲಿಯೂ ಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿಕೊಟ್ಟಿದೆ. ಅಲ್ಲಿ ಬೆಂಕಿ ಆರಲಿಲ್ಲ, ಕೈಗಳೂ ಮರೆಯಲಿಲ್ಲ.

ಆದ್ದರಿಂದ ಮಿತ್ರರೇ, ಕೆಲವು ಎಂಜಿನ್‌ಗಳು ನಿಲ್ಲಬೇಕು, ಕೆಲವು ಓಡಬೇಕು. ಎರಡರಲ್ಲಿ ಒಂದು ಸಾಲದು. ಇದರಲ್ಲಿ ನಿಮ್ಮ ಪಾಲಿಗೂ ಕೆಲಸವಿದೆ. ಮೈಸೂರು ರೈಲ್ವೆ ಕಾರ್ಖಾನೆಯ ಊರು. ಮಂಡಿ ಮೊಹಲ್ಲಾದಲ್ಲೋ ಅಶೋಕಪುರದಲ್ಲೋ ನಿಮ್ಮ ಬೀದಿಯಲ್ಲೋ ರೈಲ್ವೆಯಿಂದ ನಿವೃತ್ತರಾದ ಅಜ್ಜ ಒಬ್ಬರು ಇರಬಹುದು. ಹೋಗಿ, ಪಕ್ಕದಲ್ಲಿ ಕುಳಿತು ಕೇಳಿ: “ತಾತ, ನೀರು ಕಡಿಮೆಯಾಯಿತೆಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು? ಬೆಂಕಿ ಹೇಗೆ ಹೊತ್ತಿಸುತ್ತಿದ್ದಿರಿ? ಏರಿನಲ್ಲಿ ಏನು ಮಾಡುತ್ತಿದ್ದಿರಿ?” ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಡಿ. ಆಮೇಲೆ ಅವರನ್ನೇ ಕರೆದುಕೊಂಡು ಸಂಗ್ರಹಾಲಯಕ್ಕೆ ಹೋಗಿ. ಫಲಕದಲ್ಲಿ ಬರೆಯದಿರುವುದನ್ನು ಅವರ ಬೆರಳು ತೋರಿಸುತ್ತದೆ.